ಎಡಗೋಲು

"ಹೊಟ್ಟಿ ಒಳಗ ಎಳಕೋಬ್ಯಾಡ, ಬಿಡು," ಎಂದ ಜಲಾಲುದ್ದೀನ, ಮಗಳ ಸೊಂಟದ ಸುತ್ತ ಅಳತೆಯ ಟೇಪು ಹಿಡಿದುಕೊಂಡೇ. "ಟಾಂಗಾದ ಕುದುರಿಗೋಳು ಪಟ್ಟಿ ಬಿಗಿಯೂ ಮುಂದ ಹೊಟ್ಟಿ ಉಬ್ಬಸ್ತಿದ್ದವು. ನೀ ನೋಡಿದ್ರ ಒಳಗ ಎಳಕೊಳ್ತಿ. ಎರಡೂ ಸುಳ್ಳ ಅಳತಿ."

ನುಜ್ಹತ ನಕ್ಕಳು. ನಕ್ಕಿದ್ದೇ ತಡ, ಹೊಟ್ಟೆ ತಾನಾಗಿಯೇ ತನ್ನ ನಿಜವಾದ ಅಳತೆಗೆ ಬಂತು. ಜಲಾಲುದ್ದೀನ ಅಷ್ಟಕ್ಕೇ ಟೇಪಿನ ಮೇಲೆ ಉಗುರೊತ್ತಿ ಹಿಡಿದು, ಮೂವತ್ತೆರಡೂವರೆ ಎಂದು ತನಗೆ ತಾನೇ ಹೇಳಿಕೊಂಡ.

ಸುರಪುರದ ಹಳೇ ಪೇಟೆಯಲ್ಲಿ ಅವನದು ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಅಂಗಳ. ನಲವತ್ತು ವರ್ಷ ಅವನು ತೊಗಲು ಹೊಲಿದವನು. ಟಾಂಗಾಗಳಿದ್ದಾಗ ಕುದುರೆಯ ಜೀನು, ಲಗಾಮು. ಟಾಂಗಾ ಹೋದ ಮೇಲೆ ಎತ್ತಿನ ಕೊರಳಿನ ಗೆಜ್ಜೆಪಟ್ಟಿ. ಹುಣಸಗಿಯಿಂದ, ದೋರನಹಳ್ಳಿಯಿಂದ, ಅತ್ತ ವಡಗೇರಾದಿಂದಲೂ ರೈತರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವನ ಪಟ್ಟಿ ಹಾಕಿದ ಎತ್ತಿನ ಕೊರಳಿಗೆ ಹುಣ್ಣಾಯಿತೆಂಬ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಆ ಹೆಮ್ಮೆ ಅವನಿಗೆ ಸ್ವಲ್ಪ ಜಾಸ್ತಿಯೇ ಇತ್ತು. ಮನೆಯಲ್ಲಿ ಹೆಂಡತಿ ರಾಬಿಯಾಳ ಜೊತೆ ದಖನಿ ಮಾತಾಡುವವನು, ಕೆಲಸಕ್ಕೆ ಕೂತರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದ. ತೊಗಲಿನ ಮಾತೆಲ್ಲ ಅವನಿಗೆ ಕನ್ನಡದಲ್ಲೇ ಬಂದಿತ್ತು. ಮಗಳಿಗೂ ಅದೇ ರೂಢಿಯಾಗಿತ್ತು.

ಮಗಳು ಪೊಲೀಸು. ಮೂರು ವರ್ಷದಿಂದ ಶಹಾಪುರದ ಠಾಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಂದವರ ದೂರು ಬರೆದುಕೊಳ್ಳುತ್ತಿದ್ದಳು. ಕಾಲೇಜಿಗೆ ಬರುವ ಹುಡುಗಿಯರು ಬಸ್ಸಿನಲ್ಲಿ ಯಾರೋ ಕಾಡುತ್ತಾರೆಂದು ಅಳುತ್ತ ಬಂದು ಅವಳ ಮುಂದೆಯೇ ಕೂತು ಹೇಳುತ್ತಿದ್ದರು, ಅವಳು ಬರೆಯುತ್ತಿದ್ದಳು, ಎದ್ದು ಹೋಗಿ ಹಿಡಿಯುವವರು ಬೇರೆಯವರು. ಈಗ ಜಿಲ್ಲೆಯಲ್ಲಿ ಹೆಣ್ಣುಮಕ್ಕಳದೇ ಒಂದು ಗಸ್ತು ಪಡೆ ಮಾಡುತ್ತಾರೆಂದಾಗ ಮೊದಲು ಹೆಸರು ಕೊಟ್ಟವಳೇ ನುಜ್ಹತ. ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಆದರೆ ಸೊಂಟಕ್ಕೆ ಬೆಲ್ಟು ಬಿಗಿದು, ಸೀಟಿ ಊದಿದ ಕೂಡಲೇ, ಮೂರು ಎಣಿಸುವುದರೊಳಗೆ, ಜಾಡಿಸಿದರೆ ಉದ್ದವಾಗುವ ಗಿಡ್ಡ ಲಾಠಿ ಸೆಳೆದು ನಿಲ್ಲುವ ಪರೀಕ್ಷೆಯಲ್ಲಿ ಹತ್ತಕ್ಕೆ ಆರು ಸಲ ತಪ್ಪಿದಳು. ಪರೀಕ್ಷೆ ನಡೆಸುವ ಸಾವಿತ್ರಿಬಾಯಿ ಮೇಡಂ ಕೆಟ್ಟವರಲ್ಲ, ಇದ್ದದ್ದನ್ನು ಇದ್ದಹಾಗೆ ಹೇಳುವವರು. ನಿನ್ನ ಕಾಲು ಓಡುತ್ತವೆ, ಕೈ ನಿದ್ದೆ ಮಾಡುತ್ತದೆ ಎಂದಿದ್ದರು. ಇನ್ನೊಂದೇ ಅವಕಾಶ, ನಾಳೆ ಸೋಮವಾರ, ಯಾದಗಿರಿಯ ಮೈದಾನದಲ್ಲಿ. ಅದೂ ತಪ್ಪಿದರೆ ಮತ್ತೆ ಅದೇ ಕುರ್ಚಿ, ಅದೇ ಕಂಪ್ಯೂಟರು.

ಬೆಲ್ಟು ಸರಿಯಿಲ್ಲದ್ದಕ್ಕೇ ಹೀಗಾಯಿತೆಂದು ಜಲಾಲುದ್ದೀನ ಕೇಳಿದ ದಿನವೇ ತೀರ್ಮಾನ ಕೊಟ್ಟಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ರಾಬಿಯಾ ಒಳಗಿನಿಂದಲೇ ಚುಚ್ಚಿದರೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಎಮ್ಮೆ ತೊಗಲು ತಂದು, ಹದಿನೈದು ದಿನ ಕೂತು, ಎರಡು ಪದರಿನ ಬೆಲ್ಟು ಹೊಲಿದ. ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಂಥ ಹೊಲಿಗೆ. ನುಜ್ಹತ ತಾನು ಯಾದಗಿರಿಯಿಂದ ಕೊಂಡು ತಂದಿದ್ದ ಕರೀ ನೈಲಾನ್ ಬೆಲ್ಟನ್ನು ಅದರ ಪಕ್ಕ ಇಟ್ಟು, ನೀವೇ ನೋಡಿರಿ ಎನ್ನುವಂತೆ ನಿಂತಳು.

ಜಲಾಲುದ್ದೀನ ಹಟಮಾರಿಯೇ, ಆದರೆ ಮೋಸಗಾರನಲ್ಲ. ಎರಡನ್ನೂ ತೂಗಿ ನೋಡಿದ, ನೀರಲ್ಲಿ ನೆನೆಸಿ ನೋಡಿದ, ಮೂರು ಸೇರು ಜೋಳದ ಚೀಲ ಕಟ್ಟಿ ತೊಲೆಗೆ ತೂಗುಬಿಟ್ಟು ನೋಡಿದ. ತೊಗಲು ಒಂದು ಬೆರಳು ಜಗ್ಗಿತ್ತು. ನೈಲಾನು ಹಾಗೇ ಇತ್ತು. ತೊಗಲು ನೀರು ಕುಡಿದು ಇನ್ನೂ ಭಾರವಾಗಿತ್ತು. ನೈಲಾನು ಜಾಡಿಸಿದರೆ ಒಣಗುತ್ತಿತ್ತು. "ಇದ ಛಲೋ ಅದ," ಎಂದು ನೈಲಾನಿನದನ್ನು ಮಗಳ ಕೈಗೆ ಕೊಟ್ಟು, ತನ್ನದನ್ನು ಗೂಟಕ್ಕೆ ನೇತುಹಾಕಿ, ಎರಡು ತಾಸು ಅಂಗಡಿಯೊಳಗೆ ಉಳಿದ ತೊಗಲಿನ ತುಂಡು ಆರಿಸುತ್ತ ಕೂತ. ಆಮೇಲೆ ಎದ್ದು ಬಂದು, ಪ್ಯಾಂಟಿನ ಒಳಬೆಲ್ಟಿಗೂ ಅದರ ಮೇಲೆ ಬಿಗಿಯುವ ಈ ಬೆಲ್ಟಿಗೂ ಗಂಟುಹಾಕುವ ನಾಲ್ಕು ಸಣ್ಣ ಪಟ್ಟಿಗಳನ್ನಾದರೂ ತಾನೇ ತೊಗಲಿನಲ್ಲಿ ಮಾಡುತ್ತೇನೆಂದ. ಮಗಳು ಆಗಲಿ ಎಂದಳು.

ಈ ಭಾನುವಾರ ಬೆಳಗಿನಿಂದ ಅಪ್ಪ ಮಗಳು ಅಂಗಳದಲ್ಲಿ ಬೆಲ್ಟು ಕೂಡಿಸುವುದಕ್ಕೆ ನಿಂತಿದ್ದರು. ಲಾಠಿಯ ಚೀಲ, ಬೇಡಿಯ ಚೀಲ, ಟಾರ್ಚು, ವಾಕಿಟಾಕಿ, ಗಾಯಕ್ಕೆ ಕಟ್ಟುವ ಬಟ್ಟೆಯ ಪುಟ್ಟ ಚೀಲ, ಎಲ್ಲವನ್ನೂ ಚಾಪೆಯ ಮೇಲೆ ಹರವಿದ್ದರು. ಅಂಗಡಿಯಲ್ಲಿ ಕೂಡಿಸಿಕೊಟ್ಟವನು ಬೇಡಿಯ ಚೀಲವನ್ನು ನಡುಬೆನ್ನಿಗೆ ಸರಿಯಾಗಿ ಇಟ್ಟಿದ್ದ. ಅದನ್ನು ನೋಡಿದ್ದೇ ಜಲಾಲುದ್ದೀನನಿಗೆ ಸಿಟ್ಟು ಬಂತು. ಕುದುರೆಯಾಗಲಿ ಮನುಷ್ಯನಾಗಲಿ, ಬೆನ್ನಹುರಿಯ ಮೇಲೆ ಭಾರ ಇಡಬಾರದು. ಬಿದ್ದರೆ ಕಬ್ಬಿಣ ಹುರಿಗೇ ನೆಡುತ್ತದೆ. ಸೊಂಟದ ಎಲುಬಿನ ಮೇಲೂ ಬೇಡ, ಉಜ್ಜುತ್ತದೆ. ಎಲುಬಿಗೆ ನಾಲ್ಕು ಬೆರಳು ಹಿಂದೆ, ಹುರಿಗೆ ನಾಲ್ಕು ಬೆರಳು ಇತ್ತ, ಅದು ಭಾರದ ಜಾಗ. ಬಗ್ಗಿ ನೋಡು ಎಂದ, ಬಗ್ಗಿದಳು. ಜೀಪಿನಲ್ಲಿ ಕೂತಂತೆ ಕೂಡು ಎಂದ, ಬೋರಲಿಟ್ಟ ಬಿಂದಿಗೆಯ ಮೇಲೆ ಕೂತಳು. ಪ್ರತಿಸಲವೂ ಒಂದೊಂದು ಚೀಲ ಅರ್ಧ ಬೆರಳು ಆಚೆ, ಅರ್ಧ ಬೆರಳು ಈಚೆ ಸರಿಯಿತು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬೆಲ್ಟು ಅವಳ ಮೈಗೆ ಎಲ್ಲಿಯೂ ಚುಚ್ಚದೆ, ಜೋಲಾಡದೆ ಕೂತಿತ್ತು. ಜಲಾಲುದ್ದೀನ ಎರಡು ಹೆಜ್ಜೆ ಹಿಂದೆ ಸರಿದು, ತಾನು ಹೊಲಿದ ಆ ನಾಲ್ಕು ಸಣ್ಣ ಪಟ್ಟಿಗಳನ್ನೇ ಜಾಸ್ತಿ ಹೊತ್ತು ನೋಡಿದ.

ಇನ್ನು ಸೀಟಿ. ಮನೆಯಲ್ಲಿ ಸೀಟಿ ಇಲ್ಲದ್ದಕ್ಕೆ ರಾಬಿಯಾಳನ್ನು ಕರೆದು ಕೈಗೆ ತಾಟು, ಸೌಟು ಕೊಟ್ಟರು. ಬಡಿದ ಕೂಡಲೇ ಏಕ್, ದೋ, ತೀನ್ ಎಣಿಸಬೇಕು. ರಾಬಿಯಾಳಿಗೆ ಈ ಗಸ್ತು ಪಡೆ ಬಿಲ್‌ಕುಲ್ ಮನಸ್ಸಿಗೆ ಬಂದಿರಲಿಲ್ಲ. ಫ್ಯಾನಿನ ಕೆಳಗೆ ಕೂತು ಬರೆಯುವ ನೌಕರಿ ಬಿಟ್ಟು ಬೀದಿಯಲ್ಲಿ ಪುಂಡರ ಹಿಂದೆ ಓಡುವ ಕರ್ಮ ಯಾರಿಗೆ ಬೇಕು ಎನ್ನುವವಳು. ಆದರೂ ಸೌಟು ಹಿಡಿದು ಹೊಸ್ತಿಲ ಮೇಲೆ ಕೂತಳು. ತಾಟು ಬಡಿಯಿತು. ನುಜ್ಹತಳ ಬಲಗೈ ಸೊಂಟಕ್ಕೆ ಹೋಗಿ, ಚೀಲದ ಮುಚ್ಚಳ ಎತ್ತಿ, ಲಾಠಿ ಸೆಳೆಯುವಷ್ಟರಲ್ಲಿ ತೀನ್ ಮುಗಿದು ರಾಬಿಯಾ ಚಾರ್ ಎಂದಾಗಿತ್ತು. ಅಮ್ಮಿ ಬೇಕಂತಲೇ ಬೇಗ ಎಣಿಸುತ್ತಾಳೆಂದು ಮಗಳ ತಕರಾರು. ಅದು ಪೂರ್ತಿ ಸುಳ್ಳೂ ಅಲ್ಲ.

ಜಲಾಲುದ್ದೀನ ಲಾಠಿಯ ಚೀಲವನ್ನು ಮುಂದೆ ಸರಿಸಿದ. ಚಾರ್. ಹಿಂದೆ ಸರಿಸಿದ. ಚಾರ್. ಓರೆ ಮಾಡಿದ, ಮುಚ್ಚಳ ಕತ್ತರಿಸಿ ಹಾಕಿದ. ಒಮ್ಮೆ ತೀನ್, ಮತ್ತೆ ಚಾರ್. ನುಜ್ಹತಳ ಮುಖದಲ್ಲಿ ಬೆಳಗಿನ ನಗೆ ಉಳಿದಿರಲಿಲ್ಲ. "ಬೆಲ್ಟಿಂದ ತಪ್ಪಲ್ಲರೀ ಅಬ್ಬಾ. ನನ್ನ ಕೈನೇ ಹಿಂಗ," ಎಂದು ಬಿಂದಿಗೆಯ ಮೇಲೆ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರು ತುಂಬಿದ್ದು ಅವನಿಗೆ ಕಂಡಿತು. ಠಾಣೆಯಲ್ಲಿ ಗಂಡಸರೇ ಹೆದರುವಂಥ ಜಗಳ ನೋಡಿ ಬಂದರೂ ಅಳದ ಹುಡುಗಿ ಅವಳು.

ಆಗ ಜಲಾಲುದ್ದೀನ ತನ್ನ ಹಳೇ ವಿದ್ಯೆ ತೆಗೆದ. ಎತ್ತಿನ ಪಟ್ಟಿ ಎಲ್ಲಿ ಉಜ್ಜುತ್ತದೆಂದು ತಿಳಿಯದಿದ್ದರೆ ಅವನು ಪಟ್ಟಿಗೆಲ್ಲ ಸುಣ್ಣದ ಪುಡಿ ಸವರಿ, ಎತ್ತನ್ನು ಒಂದು ಸುತ್ತು ನಡೆಸಿ ತರುತ್ತಿದ್ದ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ತಪ್ಪು. ಎತ್ತು ಬಾಯಿಬಿಟ್ಟು ಹೇಳದಿದ್ದರೇನು, ಪಟ್ಟಿ ಹೇಳುತ್ತದೆ. ಸೀಮೆಸುಣ್ಣ ಪುಡಿಮಾಡಿ ಆ ಕರೀ ಬೆಲ್ಟಿಗೆ ಸುತ್ತಲೂ ಸವರಿದ. ಹತ್ತು ಸಲ ಮಾಡು, ಮುಟ್ಟಿ ಮುಟ್ಟಿ ನೋಡಿಕೊಳ್ಳಬೇಡ, ಪರೀಕ್ಷೆಯಲ್ಲಿ ಹೇಗೋ ಹಾಗೇ ಮಾಡು ಎಂದ. ರಾಬಿಯಾ ಹತ್ತು ಸಲ ತಾಟು ಬಡಿದಳು.

ಬೆಲ್ಟು ಬಿಚ್ಚಿಸಿ, ಬಿಸಿಲಿಗೆ ಹಿಡಿದು, ಬಲಗಡೆಯಿಂದ ನೋಡುತ್ತ ಬಂದ. ಲಾಠಿಯ ಚೀಲದ ಹತ್ತಿರ ಸುಣ್ಣ ಅಳಿಸಿತ್ತು, ಅಳಿಸಬೇಕಾದದ್ದೇ. ಬೆನ್ನಿಗೆ ಸರಿಯಿತ್ತು. ಎಲುಬಿನ ಹತ್ತಿರ ಸರಿಯಿತ್ತು. ಎಡಗಡೆಗೆ ಬಂದು, ವಾಕಿಟಾಕಿಯ ಮುಂದಿನ ಜಾಗದಲ್ಲಿ ಅವನ ಕೈ ನಿಂತಿತು. ಅಲ್ಲಿ ಏನೂ ತೂಗುಹಾಕಿರಲಿಲ್ಲ, ಬರೀ ಪಟ್ಟಿ. ಆ ಖಾಲಿ ಜಾಗದಲ್ಲಿ ನಾಲ್ಕು ಬೆರಳಿನ ಗುರುತು ಒಂದರ ಮೇಲೊಂದು ಬಿದ್ದು ಸುಣ್ಣ ಪೂರ್ತಿ ಹೋಗಿತ್ತು. ತಾಟು ಬಡಿದಾಗಲೆಲ್ಲ ಅವಳ ಎಡಗೈ ಮೊದಲು ಅಲ್ಲಿಗೆ ಹೋಗಿದೆ. ಏನೂ ಸಿಗದೆ ತಡವರಿಸಿದೆ. ಆಮೇಲೆ ಬಲಗೈ ಎದ್ದಿದೆ. ಆ ಒಂದು ಗಳಿಗೆಯೇ ಅವಳನ್ನು ಸೋಲಿಸುತ್ತಿದ್ದ ಗಳಿಗೆ.

ಜಲಾಲುದ್ದೀನ ಚಾಪೆಯ ಮೇಲೆ ಕೂತ. ನಲವತ್ತು ವರ್ಷ ಪಟ್ಟಿಗಾಗಿ ಬಂದ ಪ್ರತಿಯೊಬ್ಬ ರೈತನಿಗೂ ಅವನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: ಎತ್ತು ಎಡಗೋಲಿನದೋ, ಬಲಗೋಲಿನದೋ? ನೊಗದ ಎಡಕ್ಕೆ ಕಟ್ಟುವ ಎತ್ತು ಎಡಕ್ಕೇ, ಬಲದ್ದು ಬಲಕ್ಕೇ. ಅದಲು ಬದಲು ಮಾಡಿದರೆ ಎಂಥ ಗಟ್ಟಿ ಎತ್ತೂ ತಡವರಿಸುತ್ತದೆ, ಹೊಡೆದರೂ ನೆಟ್ಟಗೆ ನಡೆಯುವುದಿಲ್ಲ. ಅದು ತಿಳಿಯದೆ ಅವನು ತೊಗಲಿಗೆ ಕತ್ತರಿ ಹಾಕಿದವನೇ ಅಲ್ಲ. ದೀಪದ ಬುಡದಲ್ಲೇ ಕತ್ತಲು. ಮಗಳಿಗೆ ಮಾತ್ರ ಅವನು ಕೇಳಿರಲಿಲ್ಲ.

ಕೇಳಿರಲಿಲ್ಲ ಎಂದರೂ ಅರ್ಧ ಸುಳ್ಳು. ಅವನಿಗೆ ಗೊತ್ತಿತ್ತು. ನುಜ್ಹತ ನಾಲ್ಕು ವರ್ಷದವಳಿದ್ದಾಗ ಎಲ್ಲದಕ್ಕೂ ಎಡಗೈ ಮುಂದೆ ಮಾಡುತ್ತಿದ್ದಳು. ಊಟಕ್ಕೂ ಅದೇ, ಬಳಪಕ್ಕೂ ಅದೇ. ಅವನ ತಾಯಿ ಖುರ್ಷೀದಬೇಗಂ, ತೀರಿಹೋಗಿ ಎಷ್ಟೋ ವರ್ಷವಾಯಿತು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನು, ಈಗಲೇ ತಿದ್ದು ಎಂದು ಗಂಟುಬಿದ್ದಳು. ಮಗಳಿಗೆ ಹೊಡೆಯಲು ಜಲಾಲುದ್ದೀನನಿಗೆ ಕೈ ಬರಲಿಲ್ಲ. ಅದಕ್ಕೆ ಆಡಿನ ಮೆತ್ತನೆಯ ತೊಗಲಿನಲ್ಲಿ ಒಂದು ಪುಟ್ಟ ಪಟ್ಟಿ ಹೊಲಿದ. ಒಳಗೆ ಹಸಿರು ಮಖಮಲ್ಲು ಕೊಟ್ಟ, ಎಳೇ ಮುಂಗೈಗೆ ಒತ್ತಬಾರದೆಂದು. ಊಟಕ್ಕೆ ಕೂತಾಗ, ಬರೆಯಲು ಕೂತಾಗ ಎಡಗೈಯನ್ನು ಅದರಿಂದ ಸೊಂಟಕ್ಕೆ ಕಟ್ಟುತ್ತಿದ್ದರು. ಎರಡು ವರ್ಷ. ಒಂದು ಗೆರೆ ಕೂಡ ಬೀಳಲಿಲ್ಲ ನೋಡು ಎಂದು ಅವನು ರಾಬಿಯಾಳಿಗೆ ಆ ಮುಂಗೈ ತೋರಿಸಿ ಹೆಮ್ಮೆಪಟ್ಟದ್ದೂ ಉಂಟು. ಹೊಡೆದಿದ್ದರೆ ಹುಡುಗಿ ಹಟ ಮಾಡಿ ಗೆಲ್ಲುತ್ತಿದ್ದಳೇನೋ. ನೋವಾಗದಂತೆ ಕಟ್ಟಿದ್ದಕ್ಕೆ ಸುಮ್ಮನೆ ಕಟ್ಟಿಸಿಕೊಂಡಳು.

"ಎಡಗೈ ಮೊದಲ ಏಳ್ತದ ಅಂತ ನಿನಗ ಗೊತ್ತಿತ್ತೇನು?" ಎಂದು ಕೇಳಿದ.

ನುಜ್ಹತ ಬೆಲ್ಟಿನ ಮೇಲಿನ ಬೆರಳಿನ ಗುರುತು ನೋಡಿದಳು. "ಏಳ್ತದರಿ. ನಾ ಅದನ್ನ ಸುಮ್ಮನ ಇರಸ್ತೀನಿ. ಸಣ್ಣಾಕಿದ್ದಾಗಿಂದ ರೂಢಿ ಆಗ್ಯಾದ."

"ಒಂದ ಮಾತು ಯಾಕ ಹೇಳಲಿಲ್ಲವ್ವಾ?"

"ನೀವ ಬ್ಯಾಡ ಅಂದಿದ್ರಲ್ಲರಿ ಅಬ್ಬಾ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆ ಪಟ್ಟಿ ನೆನಪಿದೆಯೇ ಎಂದು ಕೇಳಬೇಕೆಂದು ಬಾಯಿ ತೆರೆದ, ಕೇಳಲಾಗಲಿಲ್ಲ. ಅವಳೇ ಅವನ ಮುಖ ನೋಡಿ ತಿಳಿದುಕೊಂಡಳು.

"ಅದು ಮೆತ್ತಗಿತ್ತು," ಎಂದಳು. "ಒಳಗ ಹಸಿರು ಮಖಮಲ್ಲಿತ್ತು."

ಜಲಾಲುದ್ದೀನನಿಗೆ ನಾಚಿಕೆಯಾಯಿತು. ತನ್ನ ಕೈಕೆಲಸದ ಬಗ್ಗೆ ಅವನಿಗೆ ಎಂದೂ ಆಗದಿದ್ದ ನಾಚಿಕೆ ಅದು. ಹೊಸ್ತಿಲ ಮೇಲಿದ್ದ ರಾಬಿಯಾ ಸೌಟು ಕೆಳಗಿಟ್ಟು ಸೆರಗಿನಿಂದ ಮೂಗು ಒರೆಸಿಕೊಂಡಳು. ಕಟ್ಟಿದವರಲ್ಲಿ ಅವಳೂ ಒಬ್ಬಳು. ಕಡೆಗೆ ಮಾತಾಡಿದವಳು ರಾಬಿಯಾಳೇ.

"ಉಣ್ಣೋದು ಬಲಗೈಲೆ ಉಣ್ಣಲಿ. ಕಳ್ಳರನ್ನ ಹಿಡಿಯಾಕ ಯಾವ ಕೈಯಾದ್ರ ಏನರಿ? ಏಳ್ರಿ, ಬದಲ ಮಾಡ್ರಿ ಆ ಬೆಲ್ಟು."

ನುಜ್ಹತ ಮೊದಲು ಸಾವಿತ್ರಿಬಾಯಿ ಮೇಡಂಗೆ ಫೋನು ಹಚ್ಚಿ, ಎಡಗಡೆ ಲಾಠಿ ಇಟ್ಟುಕೊಂಡರೆ ನಡೆಯುತ್ತದೆಯೇ ಎಂದು ಅಂಜುತ್ತ ಕೇಳಿದಳು. ಪರೇಡಿನಲ್ಲಿ ಎಲ್ಲರ ಹಾಗೆ ನಿಲ್ಲು, ಉಳಿದಂತೆ ಕೈಗೆ ಬೇಗ ಬರುವ ಕಡೆ ಇಟ್ಟುಕೋ, ಇದನ್ನು ಕೇಳುವುದಕ್ಕೆ ಎರಡು ತಿಂಗಳು ಬೇಕಾಯಿತೇ ಎಂದು ಬೈದು ಮೇಡಂ ಫೋನಿಟ್ಟರು. ಜಲಾಲುದ್ದೀನ ಅಷ್ಟರಲ್ಲಿ ಬೆಲ್ಟನ್ನು ಪೂರ್ತಿ ಬಿಚ್ಚಿದ್ದ. ಬೆಳಗಿನಿಂದ ಮಾಡಿದ್ದೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಬೇಕಿತ್ತು. ಲಾಠಿ ಎಡಕ್ಕೆ, ವಾಕಿಟಾಕಿ ಬಲಕ್ಕೆ, ಟಾರ್ಚು ಬಲಗೈ ಬೀಳುವಲ್ಲಿ. ತನ್ನ ತೊಗಲಿನ ಪಟ್ಟಿಗಳನ್ನೂ ಕಿತ್ತು, ಹೊಲಿಗೆಯ ದಿಕ್ಕು ಬದಲಿಸಿ, ದಬ್ಬಣ ಹಿಡಿದು ಹೊಸದಾಗಿ ಹೊಲಿದ. ಬಿಸಿಲಿಳಿದು ಅಸರ್ ನಮಾಜಿನ ಹೊತ್ತಿಗೆ ಮುಗಿಯಿತು.

ಮತ್ತೆ ತಾಟು ಬಡಿಯಿತು. ನುಜ್ಹತಳ ಎಡಗೈ ಮಿಂಚಿನಂತೆ ಎದ್ದಿತು, ಎದ್ದು ಅರ್ಧಕ್ಕೇ ನಿಂತಿತು. ಚೀಲ ಅಲ್ಲೇ ಇದೆ, ಎರಡು ಬೆರಳಿನ ಅಂತರ, ಆದರೂ ಕೈ ಮುಂದೆ ಹೋಗಲೊಲ್ಲದು. ಚಾರ್ ಎಂದಳು ರಾಬಿಯಾ, ಸಣ್ಣ ದನಿಯಲ್ಲಿ. ಇನ್ನೊಮ್ಮೆಯೂ ಹಾಗೇ ಆಯಿತು. ಮೂರನೆಯ ಸಲವೂ. ಇದು ಬೆಲ್ಟು ಬದಲಿಸಿದರೆ ಹೋಗುವ ತಪ್ಪಲ್ಲ ಎಂದು ಜಲಾಲುದ್ದೀನನಿಗೆ ತಿಳಿಯಿತು. ಆ ಕೈ ಇನ್ನೂ ಯಾರದೋ ಅಪ್ಪಣೆಗೆ ಕಾಯುತ್ತಿತ್ತು. ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಎದ್ದು ಹೋಗಿ ಮಗಳ ಎದುರಿಗೆ ನಿಂತ. ಇಪ್ಪತ್ತೇಳು ವರ್ಷದ ಮಗಳು, ಅವನಿಗಿಂತ ಒಂದು ಗೇಣು ಎತ್ತರ. ಅವನಿಗೆ ತಪ್ಪಾಯಿತೆಂದು ಹೇಳಿ ರೂಢಿಯಿಲ್ಲ, ಯಾವ ಅಪ್ಪನಿಗೆ ಇರುತ್ತದೆ?

"ನುಜ್ಹತ, ಆವಾಗ ನಾ ಬ್ಯಾಡ ಅಂದದ್ದು ತಪ್ಪಾತು. ಈಗ ನಾನ ಹೇಳಾಕತ್ತೇನಿ. ಬಿಡು ಆ ಕೈ. ಅದು ಎಲ್ಲಿ ಹೋಗ್ತದೋ ಹೋಗ್ಲಿ."

ನುಜ್ಹತ ಅವನನ್ನೇ ನೋಡಿದಳು. ಆಯಿತು ಎಂದು ತಲೆಯಾಡಿಸಿದಳು.

ತಾಟು ಬಡಿಯಿತು. ಏಕ್ ಎಂದ ರಾಬಿಯಾ ದೋ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಲಾಠಿ ಸರಕ್ಕನೆ ಉದ್ದವಾಗಿ ಮಗಳ ಎಡಗೈಯಲ್ಲಿತ್ತು. ಮೂವರೂ ಅದನ್ನೇ ನೋಡಿದರು. ಇನ್ನೊಮ್ಮೆ ಮಾಡು ಎಂದ ಜಲಾಲುದ್ದೀನ. ಇನ್ನೊಮ್ಮೆಯೂ ಬಂತು. ಒಂದೆರಡು ಸಲ ಕೈ ಹಳೇ ರೂಢಿಗೆ ಹಿಂಜರಿಯಿತು, ನಿಜ, ಆದರೆ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ರಾಬಿಯಾಳ ಏಕ್‌ಗೂ ದೋಗೂ ನಡುವೆ ಒಂದು ಬಸ್ಸು ಹಾಯುವಷ್ಟು ಜಾಗವಿರುತ್ತಿತ್ತು. ಅಮ್ಮೀ, ಇಷ್ಟು ನಿಧಾನ ಎಣಿಸಿದರೆ ನಾಳೆ ಮೋಸ ಹೋಗುತ್ತೇನೆ ಎಂದು ಮಗಳೇ ನಕ್ಕು ಹೇಳಬೇಕಾಯಿತು.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅಪ್ಪ ಮಗಳು ಹೊರಟರು. ಬರಬೇಡಿರಿ ಎಂದರೂ ಜಲಾಲುದ್ದೀನ ಕೇಳಲಿಲ್ಲ. ಬೆಲ್ಟಿನ ಹೊಲಿಗೆ ಬಿಟ್ಟರೆ ಯಾರು ಹಾಕುತ್ತಾರೆ ಎಂದು ದಬ್ಬಣ, ದಾರ ಜೇಬಿನಲ್ಲಿಟ್ಟುಕೊಂಡಿದ್ದ. ಶಹಾಪುರದಲ್ಲಿ ಬಸ್ಸು ಅವಳ ಠಾಣೆಯ ಮುಂದೆಯೇ ಹಾಯಿತು. ನುಜ್ಹತ ಆ ಕಡೆ ನೋಡಲಿಲ್ಲ. ದೋರನಹಳ್ಳಿ ದಾಟಿ, ಭೀಮೆಯ ಸೇತುವೆ ದಾಟಿ ಯಾದಗಿರಿ ಮುಟ್ಟುವವರೆಗೂ ಮಡಿಲಲ್ಲಿದ್ದ ಬೆಲ್ಟನ್ನು ಹಿಡಿದೇ ಕೂತಿದ್ದಳು.

ಮೈದಾನದೊಳಗೆ ಹೊರಗಿನವರಿಗೆ ಬಿಡಲಿಲ್ಲ. ಅವನು ಕಂಪೌಂಡಿನ ಆಚೆ ಬೇವಿನ ಗಿಡದ ಕೆಳಗೆ ನಿಂತ. ಗೋಡೆ ಎತ್ತರ, ಒಳಗಿನದು ಏನೂ ಕಾಣಲೊಲ್ಲದು. ಸೀಟಿ ಮಾತ್ರ ಕೇಳಿಸುತ್ತಿತ್ತು. ಯಾರ ಸರದಿಯ ಸೀಟಿ ಎಂದು ತಿಳಿಯದೆ ಅವನು ಪ್ರತಿಯೊಂದಕ್ಕೂ ಏಕ್, ದೋ ಎಂದು ಎಣಿಸಿದ. ಇನ್ನೂರಕ್ಕೂ ಹೆಚ್ಚು ಸೀಟಿ ಊದಿದರು. ಊರಿನ ಹೆಣ್ಣುಮಕ್ಕಳೆಲ್ಲರ ಪರೀಕ್ಷೆಯನ್ನೂ ಅವನೊಬ್ಬನೇ ಬರೆದಂತಾಗಿ ಸುಸ್ತಾದ. ಬಿಸಿಲೇರಿದ ಮೇಲೆ ಗೇಟು ತೆರೆಯಿತು. ನುಜ್ಹತ ಬಂದಳು, ಮುಖವೆಲ್ಲ ಧೂಳು. ಹತ್ತಕ್ಕೆ ಒಂಬತ್ತು ಎಂದಳು. ಒಂಬತ್ತನೇ ಸಲ ಹಿಂಜರಿದೆ, ನಿಮ್ಮ ಮಾತು ನೆನಪಾಯಿತು, ಹತ್ತನೆಯದು ಎಲ್ಲಕ್ಕಿಂತ ಬೇಗ ಬಂತು ಎಂದಳು. ಹನ್ನೆರಡು ಮಂದಿಯ ಹೆಸರು ಅಲ್ಲೇ ಓದಿದರು, ನನ್ನದು ನಾಲ್ಕನೆಯದು ಎಂದಳು. ಅಲ್‌ಹಮ್ದುಲಿಲ್ಲಾಹ್ ಎಂದ ಜಲಾಲುದ್ದೀನ. ಬೆಲ್ಟಿನ ಹೊಲಿಗೆ ಬಿಟ್ಟಿದೆಯೇ ಎಂದು ಬಗ್ಗಿ ಬಗ್ಗಿ ನೋಡಿದ. ಎಲ್ಲಿಯೂ ಬಿಟ್ಟಿರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡು ತಾಟು ಮಂಡಕ್ಕಿ ಸೂಸಲ, ಮಿರ್ಚಿ ಹೇಳಿ ಎದುರುಬದುರು ಕೂತರು. ನುಜ್ಹತಳಿಗೆ ಹಸಿವಾಗಿತ್ತು. ಬಲಗೈಯಿಂದ ಗಬಗಬ ತಿನ್ನುತ್ತ, ಸಾವಿತ್ರಿಬಾಯಿ ಮೇಡಂ ಏನಂದರು, ಮುಂದಿನ ವಾರ ಎಲ್ಲಿಗೆ ಗಸ್ತು, ಯಾವ ಬಸ್ಸಿನಲ್ಲಿ ಮೊದಲು ಹತ್ತುತ್ತೇನೆ ಎಂದು ಹೇಳುತ್ತಿದ್ದಳು. ಎಡಗೈ ಟೇಬಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು. ಲಾಠಿಯ ಹಿಡಿ ಉಜ್ಜಿ ಹೆಬ್ಬೆರಳಿನ ಬುಡ ಕೆಂಪಾಗಿತ್ತು. ಜಲಾಲುದ್ದೀನ ಅದರ ಮೇಲೆ ತನ್ನ ಕೈಯಿಡಲು ಹೋಗಿ ಅರ್ಧಕ್ಕೇ ತಡೆದ. ಮೇಲಿಟ್ಟರೆ ಮತ್ತೆ ಹಿಡಿದಂತಾಗುತ್ತದೆ. ತನ್ನ ಅಂಗೈಯನ್ನು ಮೇಲೆ ಮಾಡಿ, ಅವಳ ತಾಟಿನ ಪಕ್ಕಕ್ಕೆ ತೆರೆದಿಟ್ಟು, ಸುರಪುರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ. ಹನ್ನೆರಡಕ್ಕೊಂದು ಇದೆ ಎಂದಳು ನುಜ್ಹತ. ಹೇಳುತ್ತಿರುವಾಗಲೇ ಅವಳ ಎಡಗೈ ಸರಿದು ಬಂದು ಆ ಅಂಗೈಯಲ್ಲಿ ಕೂತಿತು. ಅವಳು ಅದನ್ನು ನೋಡಲಿಲ್ಲ, ಇನ್ನೊಂದು ಮಿರ್ಚಿ ಮುರಿದಳು.